ಮೊದಲು ಜಮಖಾನೆ, ಆಮೇಲೆ ಮೊಬೈಲು

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಕಾಫಿ ಸೀಮೆಯಲ್ಲಿ ರಸ್ತೆ ಬದಿಯ ಕಂಬದ ಮೇಲೆ ಕೆಂಪು ದೀಪ ಮಿನುಗತೊಡಗಿದರೆ ಅದಕ್ಕೊಂದೇ ಅರ್ಥ: ಆನೆ ಹತ್ತಿರದಲ್ಲಿದೆ, ಹುಷಾರು. ಅದೇ ಸುದ್ದಿ ಎಸ್‌ಎಂಎಸ್ ಆಗಿ, ಓದಲು ಬಾರದವರಿಗೆ ಧ್ವನಿ ಕರೆಯಾಗಿ ಸುತ್ತಲಿನವರ ಫೋನಿಗೂ ಹೋಗುತ್ತದೆ. ಈ ಏರ್ಪಾಟು ಮೊದಲು ರೂಪುಗೊಂಡದ್ದು ತಮಿಳುನಾಡಿನ ಆನೈಮಲೈ ಬೆಟ್ಟಗಳ ವಾಲ್ಪಾರೈಯಲ್ಲಿ. ಸುಮಾರು 220 ಚದರ ಕಿಲೋಮೀಟರ್ ಹರಡಿರುವ ಆ ಪ್ರಸ್ಥಭೂಮಿಯ ತುಂಬ ಟೀ, ಕಾಫಿ ತೋಟಗಳು. ನಡುನಡುವೆ ಕಾಡಿನ ತುಣುಕುಗಳು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು 2002ರಿಂದ ಅಲ್ಲಿನ ಆನೆಗಳ ಓಡಾಟವನ್ನೂ, ಆನೆ ತುಳಿತಕ್ಕೆ ಸಿಕ್ಕವರ ಸಾವುಗಳನ್ನೂ ಒಂದೊಂದಾಗಿ ಗುರುತಿಸುತ್ತ ಹೋದಾಗ ಕಂಡದ್ದು ಇಷ್ಟು: ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಅಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಕೆಲಸ ಮುಗಿಸಿ, ಪೇಟೆ ಮುಗಿಸಿ ಬಸ್ಸಿಳಿದು ಕತ್ತಲಲ್ಲಿ ಮನೆಯ ಕಡೆ ನಡೆಯುವಾಗ ಎದುರಾದ ಸಾವು ಅದು. ಹಾಗಾಗಿ ಮೊದಲು ಕೇಬಲ್ ಟಿವಿಯ ಪರದೆಯ ಅಡಿಯಲ್ಲಿ ಆನೆ ಎಲ್ಲಿದೆ ಎಂದು ತಿಳಿಸುವ ಸಾಲು ಓಡಿಸಿದರು. 2011ರ ಹೊತ್ತಿಗೆ ಎಸ್‌ಎಂಎಸ್ ಬಂತು, ಸಿಮ್ ಕಾರ್ಡ್ ಅಳವಡಿಸಿದ ಕೆಂಪು ದೀಪಗಳು ಬಂದವು. ನೋಂದಾಯಿಸಿದ ಕೆಲವರ ಫೋನಿನಿಂದ ಕರೆ ಹೋದರೆ ದೀಪ ಹೊತ್ತಿಕೊಳ್ಳುತ್ತದೆ. ಆ ಕೆಲವರಲ್ಲಿ ಅಲ್ಲಿನ ನಿವಾಸಿಗಳೂ ಇದ್ದಾರೆ.

ಇದರಲ್ಲಿ ಬಳಕೆಯಾದ ತಂತ್ರಜ್ಞಾನವನ್ನು ಒಮ್ಮೆ ಎಣಿಸಿ ನೋಡಿ. ಒಂದು ಎಸ್‌ಎಂಎಸ್, ಒಂದು ಧ್ವನಿ ಕರೆ, ಫೋನಿನಿಂದ ಹೊತ್ತಿಸುವ ಒಂದು ದೀಪ. ಇಪ್ಪತ್ತು ವರ್ಷ ಹಳೆಯ ಗುಂಡಿ ಫೋನಿನಲ್ಲೂ ನಡೆಯುವ ಕೆಲಸ ಇದು. ಹಾಗಿದ್ದರೂ ಇಂಥ ಏರ್ಪಾಟು ಪ್ರತಿ ಊರಿನಲ್ಲೂ ಏಕಿಲ್ಲ? ಉತ್ತರ ಫೋನಿನಲ್ಲಿ ಸಿಗುವುದಿಲ್ಲ. ಯಾವ ದಾರಿ, ಯಾವ ಹೊತ್ತು, ಯಾರಿಗೆ ಭಯ, ಸುದ್ದಿ ಯಾರ ಮಾತಿನಲ್ಲಿ ಬಂದರೆ ಜನ ನಂಬುತ್ತಾರೆ, ದೀಪ ಹಚ್ಚುವ ಹೊಣೆ ಯಾರು ಹೊರುತ್ತಾರೆ ಎಂಬುದನ್ನು ಜನರ ನಡುವೆ ಕುಳಿತೇ ತಿಳಿಯಬೇಕು. ವಾಲ್ಪಾರೈಯಲ್ಲಿ ಎಸ್‌ಎಂಎಸ್‌ಗೆ ಮೊದಲು ಸುಮಾರು ಒಂಬತ್ತು ವರ್ಷಗಳ ಇಂಥ ಕೆಲಸವಿತ್ತು. ನನ್ನ ವಾದವೂ ಇಷ್ಟೇ: ಮೊಬೈಲಿನಿಂದ ಒಂದು ಊರಿಗೆ ಒಳಿತಾಗಬೇಕಾದರೆ ಆ ಊರಿನವರು ಮೊದಲು ಒಂದೆಡೆ ಸೇರಿ, ಮುಖ ನೋಡಿಕೊಂಡು ಮಾತಾಡಬೇಕು. ಆ್ಯಪ್ ಬೇಕೆ ಬೇಡವೆ ಎಂಬುದು ಆ ಮಾತಿನ ಕೊನೆಗೆ ಬರಬೇಕಾದ ಪ್ರಶ್ನೆ. ನಮ್ಮಲ್ಲಿ ಅದನ್ನೇ ಮೊದಲು ಕೇಳುತ್ತಿದ್ದೇವೆ.

ಈ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಬಲವಾದ ಉದಾಹರಣೆಯಿದೆ. ಅದನ್ನು ಮೊದಲೇ ಎತ್ತಿಕೊಳ್ಳುವುದು ನ್ಯಾಯ. 1997ರ ಜನವರಿ 14ರಂದು ಉತ್ತರ ಕೇರಳದ ವಡಗರದ ದಕ್ಕೆಯಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ತಮ್ಮ ಬೂತಾಯಿ ಮೀನನ್ನು ಚೆಲ್ಲುವ ಸ್ಥಿತಿಯಲ್ಲಿದ್ದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಆಸುಪಾಸಿನ ಬೇರೆ ದಕ್ಕೆಗಳಲ್ಲಿ 27 ಮಂದಿ ಗಿರಾಕಿಗಳು ಮೀನು ಸಿಗದೆ ಬರಿಗೈಯಲ್ಲಿ ಹೊರಡುವುದರಲ್ಲಿದ್ದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ದಾಖಲಿಸುತ್ತದೆ. 1997ರಿಂದ 2001ರ ನಡುವೆ ಆ ಕರಾವಳಿಗೆ ಮೊಬೈಲ್ ಸೇವೆ ಹಂತಹಂತವಾಗಿ ಬಂದಾಗ ಮೀನುಗಾರರು ಕಡಲಿನಿಂದಲೇ ಫೋನ್ ಮಾಡಿ, ಎಲ್ಲಿ ಬೆಲೆಯಿದೆಯೋ ಅಲ್ಲಿಗೆ ದೋಣಿ ತಿರುಗಿಸಿದರು. ಮೀನು ಚೆಲ್ಲುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು. ಯಾರೂ ಸಭೆ ಕರೆಯಲಿಲ್ಲ, ಯಾವ ಸಂಸ್ಥೆಯೂ ತರಬೇತಿ ಕೊಡಲಿಲ್ಲ. ಟವರ್ ನಿಂತಿತು, ಜನ ತಾವೇ ದಾರಿ ಕಂಡುಕೊಂಡರು. ಹಾಗಾದರೆ ಊರಿನವರನ್ನು ಕೂಡಿಸುವ ತಾಪತ್ರಯ ಏತಕ್ಕೆ?

ಈ ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಉತ್ತರ ಅದರೊಳಗೇ ಇದೆ. ವಡಗರದ ಮೀನುಗಾರನಿಗೆ ಬೇಕಾಗಿದ್ದುದು ಒಂದೇ ಮಾಹಿತಿ: ಇಂದು ಎಲ್ಲಿ ಎಷ್ಟು ಬೆಲೆ. ಅದನ್ನು ತಿಳಿದು ಲಾಭ ಪಡೆಯುವವನೂ ಅವನೇ, ದೋಣಿ ತಿರುಗಿಸುವ ಅಧಿಕಾರವೂ ಅವನದೇ. ದಕ್ಕೆಗಳು, ಏಜೆಂಟರು, ತೂಕ, ಚೌಕಾಸಿಯ ರೂಢಿ ಎಲ್ಲವೂ ತಲೆಮಾರುಗಳಿಂದ ಅಲ್ಲಿ ಇದ್ದವು. ಫೋನು ಒಂದು ಕೊಂಡಿ ಸೇರಿಸಿತು. ಊರಿನ ಹಿತದ ಪ್ರಶ್ನೆಗಳು ಹಾಗಲ್ಲ. ನಲ್ಲಿಗೆ ನೀರು ಯಾವಾಗ ಬಿಡುತ್ತಾರೆ, ಅಂಗನವಾಡಿಯ ಆಹಾರ ಸರಿಯಾಗಿ ಬಂತೆ, ಒಂಟಿಯಾಗಿರುವ ಮುದುಕಿಗೆ ಪಿಂಚಣಿ ನಿಂತದ್ದೇಕೆ, ಕೆರೆಯ ಕೋಡಿ ಒಡೆಯುವ ಸೂಚನೆ ಯಾರು ಯಾರಿಗೆ ಕೊಡಬೇಕು ಎಂಬುವುಗಳಲ್ಲಿ ಮಾಹಿತಿ ಒಬ್ಬರ ಬಳಿ, ತೊಂದರೆ ಇನ್ನೊಬ್ಬರಿಗೆ, ಸರಿಪಡಿಸುವ ಅಧಿಕಾರ ಮೂರನೆಯವರ ಕೈಯಲ್ಲಿ. ಈ ಮೂವರ ನಡುವೆ ಒಪ್ಪಂದವಾಗದೆ ಫೋನು ಎಷ್ಟು ಹೊಡೆದುಕೊಂಡರೂ ಪ್ರಯೋಜನವಿಲ್ಲ. ಸ್ವಂತ ಹಿತಕ್ಕೆ ಫೋನು ಸಾಕು. ಊರಿನ ಹಿತಕ್ಕೆ ಫೋನಿನ ಜೊತೆಗೆ ಊರೂ ಬೇಕು.

ಫೋನಿನ ಹಿಂದೆ ನಿಂತ ಜನ

ಹೊರಗಿನ ಅನುಭವಗಳೂ ಇದನ್ನೇ ಹೇಳುತ್ತವೆ. 2007ರ ಡಿಸೆಂಬರಿನ ಚುನಾವಣೆಯ ನಂತರ ಕೀನ್ಯಾದಲ್ಲಿ ಗಲಭೆ ಹಬ್ಬಿದಾಗ, 2008ರ ಜನವರಿಯಲ್ಲಿ ಅಲ್ಲಿನ ಕೆಲವು ಬರಹಗಾರರು, ತಂತ್ರಜ್ಞರು ಕೂಡಿ ‘ಉಷಾಹಿದಿ’ ಎಂಬ ಏರ್ಪಾಟು ಮಾಡಿದರು. ಸ್ವಾಹಿಲಿಯಲ್ಲಿ ಅದಕ್ಕೆ ‘ಸಾಕ್ಷ್ಯ’ ಎಂದರ್ಥ. ಎಲ್ಲಿ ಏನು ನಡೆಯಿತೆಂದು ಜನ ಕಳಿಸಿದ ಸುದ್ದಿ ನಕ್ಷೆಯ ಮೇಲೆ ಬಿಂದುಗಳಾಗಿ ಕಾಣುತ್ತಿತ್ತು. ಆದರೆ ಬಂದ ಸುದ್ದಿಯನ್ನೆಲ್ಲ ಹಾಗೇ ಏರಿಸಿದರೆ ವದಂತಿಯೂ ಸಾಕ್ಷ್ಯವಾಗಿಬಿಡುತ್ತದಲ್ಲ? ಅದಕ್ಕೇ ಸ್ಥಳೀಯರಿಂದ ವಿಚಾರಿಸಿ ಖಚಿತ ಮಾಡಿಕೊಳ್ಳುವ ಕೆಲಸ ಅದರ ಜೀವಾಳವಾಯಿತು. ನಮ್ಮ ದೇಶದಲ್ಲೇ ಇನ್ನೂ ಹತ್ತಿರದ ಮಾದರಿಯಿದೆ: 2010ರಲ್ಲಿ ಛತ್ತೀಸಗಡದಲ್ಲಿ ಶುರುವಾದ ‘ಸಿಜಿನೆಟ್ ಸ್ವರ’. ಪತ್ರಕರ್ತ ಶುಭ್ರಾಂಶು ಚೌಧರಿ ಕಟ್ಟಿದ ಇದರ ತಾಂತ್ರಿಕ ಕೆಲಸಕ್ಕೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು ಕೈಜೋಡಿಸಿದ್ದರು. ಕಾಡಂಚಿನ ಹಳ್ಳಿಯ ಗೊಂಡಿ ಭಾಷಿಕರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಅತ್ತಲಿಂದ ಕರೆ ಬರುತ್ತದೆ. ತಮ್ಮ ಮಾತಿನಲ್ಲೇ ದೂರು ಹೇಳಬಹುದು, ಇತರರ ದೂರು ಕೇಳಬಹುದು. ಅಕ್ಷರ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ, ಕಾಸೂ ಬೇಕಿಲ್ಲ. ಕೂಲಿ ಬಂದಿಲ್ಲ, ಬೋರ್‌ವೆಲ್ ಕೆಟ್ಟಿದೆ, ಪಡಿತರ ಸಿಕ್ಕಿಲ್ಲ ಎಂಬ ದೂರುಗಳಲ್ಲಿ ಅನೇಕವು ಬಗೆಹರಿದವು. ಅವು ಬಗೆಹರಿದದ್ದು ಯಂತ್ರದಿಂದಲ್ಲ. ಸಂದೇಶವನ್ನು ಆಲಿಸಿ ಪರೀಕ್ಷಿಸುವ ಒಂದು ತಂಡವಿತ್ತು, ಅಧಿಕಾರಿಗೆ ಫೋನ್ ಮಾಡಿ ಕೇಳುವ ಕೇಳುಗರಿದ್ದರು. ಇದಕ್ಕೆಲ್ಲ ಮೊದಲು ಹಳ್ಳಿ ಹಳ್ಳಿಗಳಲ್ಲಿ ಕೂತು ನಡೆಸಿದ ಕಮ್ಮಟಗಳಿದ್ದವು.

ಕೂಡಿ ಮಾತಾಡದ ಕಡೆ ಅದೇ ಫೋನು ಎಂಥ ಅನಾಹುತ ಮಾಡಬಲ್ಲದು ಎಂಬುದನ್ನು ಕರ್ನಾಟಕ ಕನಿಷ್ಠ ಎರಡು ಸಲ ಕಂಡಿದೆ. 2012ರ ಆಗಸ್ಟಿನಲ್ಲಿ ಎಸ್‌ಎಂಎಸ್ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಕೇಂದ್ರ ಸರ್ಕಾರ 15 ದಿನ ಸಗಟು ಎಸ್‌ಎಂಎಸ್‌ಗೆ ತಡೆ ಹಾಕಬೇಕಾಯಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪೊಂದು ಹೊಡೆದು ಕೊಂದಿತು. ಆತನ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಮೂಲ. ಅದನ್ನು ಊರಿಂದೂರಿಗೆ ದಾಟಿಸಿದ್ದು ವಾಟ್ಸ್ಆ್ಯಪ್. ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಗೇ ದಾಟಿಸದಂತೆ ಮಿತಿ ಹೇರುವುದಾಗಿ ಪ್ರಕಟಿಸಿತು. ಅದು ತಂತ್ರದ ಮಟ್ಟದ ಮದ್ದು. ಬೇರೊಂದು ಮದ್ದು ಅದೇ ವರ್ಷ ನೆರೆಯ ತೆಲಂಗಾಣದ ಗದ್ವಾಲ ಸೀಮೆಯಲ್ಲಿ ಫಲ ಕೊಟ್ಟಿತ್ತು. ಆಗಿನ ಪೊಲೀಸ್ ವರಿಷ್ಠಾಧಿಕಾರಿ ರೆಮಾ ರಾಜೇಶ್ವರಿ 400ಕ್ಕೂ ಹೆಚ್ಚು ಹಳ್ಳಿಗಳ ಹೊಣೆಯನ್ನು ಸಿಬ್ಬಂದಿಗೆ ಹಂಚಿ, ಜನಪದ ಕಲಾವಿದರನ್ನು ಕರೆದೊಯ್ದು, ಡಂಗುರ ಸಾರಿಸಿ, ಜನರನ್ನು ಕೂಡಿಸಿ ವದಂತಿಯ ಬಗೆಗೆ ಮಾತಾಡಿಸಿದರು. ಸುತ್ತಮುತ್ತ ಸಾವುಗಳು ಸಂಭವಿಸುತ್ತಿದ್ದ ಆ ದಿನಗಳಲ್ಲಿ ಅವರ ವ್ಯಾಪ್ತಿಯಲ್ಲಿ ಒಂದೂ ಜೀವ ಹೋಗಲಿಲ್ಲ. ಡಂಗುರ ಹಳೆಯದು, ಫೋನು ಹೊಸದು. ಆದರೆ ಜನ ನಂಬಿದ್ದು ಎದುರಿಗೆ ನಿಂತು ಮಾತಾಡಿದವರನ್ನು.

ಇನ್ನೊಂದು ಸಾಕ್ಷ್ಯ ಉದ್ಯೋಗ ಖಾತರಿ ಯೋಜನೆಯದು. ಕೂಲಿಕಾರರ ಹಾಜರಿಯನ್ನು ದಿನಕ್ಕೆರಡು ಬಾರಿ ಫೋಟೊ ಸಮೇತ ಆ್ಯಪ್‌ಗೆ ಏರಿಸುವ ಪದ್ಧತಿಯನ್ನು 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು, ಉಳಿದೆಲ್ಲ ಕಾಮಗಾರಿಗಳಿಗೂ ಕಡ್ಡಾಯ ಮಾಡಲಾಯಿತು. ಉದ್ದೇಶ ಒಳ್ಳೆಯದೇ: ಕೆಲಸಕ್ಕೆ ಬಾರದವರ ಹೆಸರಿನಲ್ಲಿ ದುಡ್ಡು ಎತ್ತುವುದು ನಿಲ್ಲಬೇಕು. ಆದರೆ ನೆಟ್‌ವರ್ಕ್ ಸಿಗದ ಗುಡ್ಡಗಾಡಿನಲ್ಲಿ ಬೆಳಿಗ್ಗೆಯೇ ತನ್ನ ಪಾಲಿನ ಮಣ್ಣು ಅಗೆದು ಮುಗಿಸಿದ ಹೆಂಗಸು ಮಧ್ಯಾಹ್ನದ ಎರಡನೇ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕಾಗುತ್ತದೆ, ಫೋಟೊ ಏರದಿದ್ದರೆ ದುಡಿದ ದಿನ ಲೆಕ್ಕಕ್ಕೆ ಬರುವುದಿಲ್ಲ ಎಂಬ ದೂರು ದೇಶದ ನಾನಾ ಕಡೆಯಿಂದ ಕೇಳಿಬಂತು. ಇದನ್ನು ಊಹಿಸಲು ತಜ್ಞರು ಬೇಕಿರಲಿಲ್ಲ. ಇಪ್ಪತ್ತು ಮಂದಿ ಕೂಲಿಕಾರ ಹೆಂಗಸರನ್ನು ಒಂದು ಮರದಡಿ ಕೂರಿಸಿ ಕೇಳಿದ್ದರೆ ಅರ್ಧ ಗಂಟೆಯಲ್ಲಿ ಹೇಳುತ್ತಿದ್ದರು.

ಕೂಟ ಕಟ್ಟುವ ಬಗೆ

ಹಾಗಾದರೆ ಇಂಥ ಕೂಟ ಹೇಗಿರಬೇಕು? ಮೊದಲಿಗೆ ಅದು ಭಾಷಣದ ಸಭೆ ಆಗಬಾರದು. ವೇದಿಕೆ, ಬ್ಯಾನರ್, ಹಾರ, ಶಾಲು, ಸ್ವಾಗತ, ವಂದನಾರ್ಪಣೆಗಳಲ್ಲೇ ಅರ್ಧ ದಿನ ಕಳೆಯುವುದು ನಮ್ಮ ಕಾರ್ಯಕ್ರಮಗಳ ಹಳೆಯ ರೋಗ. ಇದಕ್ಕೆ ಎದುರಾದ, ತಂತ್ರಜ್ಞಾನದ ಲೋಕವೂ ತನ್ನದಾಗಿಸಿಕೊಂಡ ಒಂದು ಪದ್ಧತಿಯಿದೆ. 1980ರ ದಶಕದಲ್ಲಿ ಅಮೆರಿಕದ ಹ್ಯಾರಿಸನ್ ಓವೆನ್ ರೂಪಿಸಿದ ‘ಓಪನ್ ಸ್ಪೇಸ್’ ಕ್ರಮದಲ್ಲಿ ಮೊದಲೇ ನಿಗದಿಯಾದ ಕಾರ್ಯಸೂಚಿ ಇರುವುದಿಲ್ಲ. ಬಂದವರು ವೃತ್ತಾಕಾರವಾಗಿ ಕುಳಿತು ತಮ್ಮ ತಮ್ಮ ವಿಷಯಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ, ಆಸಕ್ತಿಯಿದ್ದವರು ಅಲ್ಲಲ್ಲೇ ಗುಂಪಾಗುತ್ತಾರೆ, ತಾನಿರುವ ಗುಂಪಿನಲ್ಲಿ ಕಲಿಯುವುದೂ ಇಲ್ಲ, ಕಲಿಸುವುದೂ ಇಲ್ಲ ಎನಿಸಿದವರು ಎದ್ದು ಇನ್ನೊಂದು ಗುಂಪಿಗೆ ಹೋಗಬಹುದು. 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ‘ಬಾರ್‌ಕ್ಯಾಂಪ್’ ಕೂಟಗಳು ಇದೇ ಜಾಡಿನವು. ಮರುವರ್ಷವೇ ಅವು ಬೆಂಗಳೂರಿಗೂ ಬಂದವು. ಹೆಸರು ಪರದೇಶದ್ದಾದರೂ ಪದ್ಧತಿ ನಮಗೆ ಹೊಸತೇನಲ್ಲ. ಅರಳಿಕಟ್ಟೆಯ ಮೇಲೆ ಕೂತವರಿಗೆ ಅಧ್ಯಕ್ಷರಿರುವುದಿಲ್ಲ. ಯಾರ ಮಾತಿನಲ್ಲಿ ಹುರುಳಿದೆಯೋ ಅವರ ಸುತ್ತ ಜನ ಸೇರುತ್ತಾರೆ. ಕಟ್ಟೆಯ ಮೇಲೆ ಹೆಂಗಸರಿಗೂ ಕೇರಿಯವರಿಗೂ ಜಾಗವಿರಲಿಲ್ಲ ಎಂಬುದು ಮಾತ್ರ ಕಹಿ ಸತ್ಯ. ಹೊಸ ಕೂಟ ಆ ಸಲುಗೆಯನ್ನು ಉಳಿಸಿಕೊಂಡು ಆ ಅನ್ಯಾಯವನ್ನು ಬಿಡಬೇಕು.

ಆದ್ದರಿಂದ ಜಾಗದ ಆಯ್ಕೆಯೇ ಮೊದಲ ನಿರ್ಧಾರ. ಯಾರದೋ ಮನೆಯ ಪಡಸಾಲೆ, ಒಂದು ಜಾತಿಯವರ ಸಮುದಾಯ ಭವನ, ಒಂದು ಪಕ್ಷದವರ ಕಚೇರಿ ಬೇಡ. ಶಾಲೆ, ಹಾಲಿನ ಡೇರಿಯ ಕಟ್ಟಡ, ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ ಅಂದರೆ ಗ್ರಂಥಾಲಯ ಇವು ಎಲ್ಲರೂ ಕಾಲಿಡಬಲ್ಲ ಜಾಗಗಳು. ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಬಹುಪಾಲು ಕಡೆ ಇಂಥ ಗ್ರಂಥಾಲಯವೂ ಇದೆ. ಹೊತ್ತನ್ನು ಊರಿನ ಕೆಲಸ ನೋಡಿ ಗೊತ್ತುಮಾಡಬೇಕು: ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ, ಸಂಜೆ ಹಾಲು ಕರೆಯುವ ಮುನ್ನ. ಸುಗ್ಗಿ, ನಾಟಿ, ಸಂತೆಯ ದಿನ ಬೇಡ. ಕರೆಯುವವರು ನಾಲ್ಕೈದು ಬಗೆಯವರಾಗಿರಲಿ: ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಡೇರಿ ಕಾರ್ಯದರ್ಶಿ, ಬಸ್ ಸ್ಟ್ಯಾಂಡಿನ ಮೊಬೈಲ್ ರಿಪೇರಿ ಅಂಗಡಿಯ ಹುಡುಗ. ಈ ಕೊನೆಯವನನ್ನು ಮರೆಯಬಾರದು. ಊರಿನವರ ಫೋನಿನ ಕಷ್ಟಗಳು ಅವನಿಗೆ ಗೊತ್ತಿರುವಷ್ಟು ಬೆಂಗಳೂರಿನ ಎಂಜಿನಿಯರಿಗೆ ಗೊತ್ತಿರುವುದಿಲ್ಲ. ಎಪ್ಪತ್ತು ಎಂಬತ್ತು ಜನ ಸಾಕು. ಊಟ ಊರಿನದೇ ಆಗಲಿ. ಅಕ್ಕಿ, ಬೇಳೆ, ತರಕಾರಿ ಮನೆಮನೆಯಿಂದ ಬಂದರೆ ಕೂಟವೂ ತಮ್ಮದೆನಿಸುತ್ತದೆ.

ಯಾರು ಬರಲಿಲ್ಲ ಎಂಬುದನ್ನು ಗಮನಿಸುವುದು ಯಾರು ಬಂದರು ಎಂಬುದಕ್ಕಿಂತ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದವರು ಗಂಡಸರಲ್ಲಿ ಶೇ 57ರಷ್ಟು, ಹೆಂಗಸರಲ್ಲಿ ಶೇ 33ರಷ್ಟು. ‘ಮನೆಗೊಂದು ಫೋನಿದೆ’ ಎಂಬ ಮಾತಿನ ನಿಜವಾದ ಅರ್ಥ ಅನೇಕ ಕಡೆ ‘ಯಜಮಾನನ ಜೇಬಿನಲ್ಲೊಂದು ಫೋನಿದೆ’ ಎಂದು. ಓದುಬರಹದ ಲೆಕ್ಕವೂ ಹೀಗೇ: 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36. ಅಕ್ಷರದ ಸಂದೇಶವನ್ನೇ ನೆಚ್ಚಿದ ಯೋಜನೆ ಉಳಿದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಆದುದರಿಂದ ಮುಖ್ಯ ಕೂಟಕ್ಕೆ ಒಂದು ವಾರ ಮೊದಲು ಹೆಂಗಸರೇ ಸೇರಿ ಒಂದು ಮಧ್ಯಾಹ್ನ ಕೂರುವುದು ಒಳ್ಳೆಯದು. ಅಲ್ಲಿ ಎದ್ದ ಪ್ರಶ್ನೆಗಳು ದೊಡ್ಡ ಕೂಟಕ್ಕೆ ಅವರ ಸಂಘದ ಹೆಸರಿನಲ್ಲೇ ಬರಲಿ. ಕೂಟದ ದಿನ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರನ್ನು ನೇಮಿಸಿದರೆ ಎಳೆಮಕ್ಕಳ ತಾಯಂದಿರೂ ಬರುತ್ತಾರೆ. ಗುಂಡಿ ಫೋನು ಇರುವವರು, ಫೋನೇ ಇಲ್ಲದವರು ಮುಂದಿನ ಸಾಲಿನಲ್ಲಿ ಕೂರಲಿ. ಅವರಿಗೆ ಒಗ್ಗುವ ಉಪಾಯ ಎಲ್ಲರಿಗೂ ಒಗ್ಗುತ್ತದೆ.

ಕೂಟದ ಬೆಳಗು ಕಷ್ಟಗಳದು. ‘ಮೊಬೈಲಿನಿಂದ ಏನು ಮಾಡಬಹುದು’ ಎಂದು ಕೇಳಿದರೆ ಆ್ಯಪ್‌ಗಳ ಹೆಸರು ಬರುತ್ತವೆ. ‘ಸುದ್ದಿ ಹೊತ್ತಿಗೆ ಸರಿಯಾಗಿ ತಲುಪದ್ದರಿಂದ ಈ ವರ್ಷ ಊರಿಗೆ ಏನು ನಷ್ಟವಾಯಿತು’ ಎಂದು ಕೇಳಿದರೆ ಬದುಕು ಮಾತಿಗೆ ಬರುತ್ತದೆ. ನೀರುಗಂಟಿ ಯಾವಾಗ ವಾಲ್ವ್ ತಿರುಗಿಸುತ್ತಾನೋ ಎಂದು ಕೂಲಿ ಬಿಟ್ಟು ಕಾದ ದಿನಗಳು, ನಡುರಾತ್ರಿ ತ್ರೀ ಫೇಸ್ ಕರೆಂಟ್ ಬರುತ್ತದೆಂದು ನಿದ್ದೆಗೆಟ್ಟು ಹೊಲದಲ್ಲಿ ಕೂತು ಹಾವು ಕಚ್ಚಿಸಿಕೊಂಡವರು, ಪಶು ವೈದ್ಯರು ಬರುವಷ್ಟರಲ್ಲಿ ಹೋದ ಹಸು, ಒಟಿಪಿ ಹೇಳಿ ಕಳೆದುಕೊಂಡ ಬ್ಯಾಂಕಿನ ಹಣ. ಇವನ್ನೆಲ್ಲ ಹೆಸರು ಹಾಕದ ಚೀಟಿಗಳಲ್ಲಿ ಬರೆಸಿ, ಬರೆಯಲು ಬಾರದವರ ಪರವಾಗಿ ಹೈಸ್ಕೂಲಿನ ಮಕ್ಕಳು ಬರೆದು, ಮೂರು ರಾಶಿ ಮಾಡಬೇಕು. ಫೋನಿನಿಂದ ಆಗದ ಕೆಲಸಗಳು ಒಂದು ರಾಶಿ. ಈಗಾಗಲೇ ಇರುವ ಸೇವೆಯಿಂದ ಆಗುವಂಥವು ಇನ್ನೊಂದು. ಊರು ತಾನೇ ಹೊಸದಾಗಿ ಏನಾದರೂ ಕಟ್ಟಿಕೊಳ್ಳಬೇಕಾದವು ಮೂರನೆಯದು. ಈ ವಿಂಗಡಣೆಯೇ ದಿನದ ಅತಿ ಮುಖ್ಯ ಕೆಲಸ. ಮೊದಲ ರಾಶಿಯನ್ನು ಪ್ರಾಮಾಣಿಕವಾಗಿ ಬದಿಗಿಡಬೇಕು: ನೀರೇ ಇಲ್ಲದ ಬೋರ್‌ವೆಲ್ಲಿಗೆ ಎಸ್‌ಎಂಎಸ್ ಪರಿಹಾರವಲ್ಲ, ವೈದ್ಯರೇ ಇಲ್ಲದ ಆಸ್ಪತ್ರೆಗೆ ಆ್ಯಪ್ ಉತ್ತರವಲ್ಲ. ಅವು ಗ್ರಾಮಸಭೆಗೂ ತಾಲ್ಲೂಕು ಕಚೇರಿಗೂ ಹೋಗಬೇಕಾದ ಅರ್ಜಿಗಳು.

ಎರಡನೆಯ ರಾಶಿ ಸಾಮಾನ್ಯವಾಗಿ ಎಲ್ಲರ ನಿರೀಕ್ಷೆಗಿಂತ ದೊಡ್ಡದಿರುತ್ತದೆ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ ಬೆಳೆಯ ರೋಗದ ಬಗ್ಗೆ ಕನ್ನಡದಲ್ಲೇ ಕೇಳಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ಮಳೆಯ ಮುನ್ಸೂಚನೆ ಹೇಳುತ್ತದೆ. ಆಂಬುಲೆನ್ಸಿಗೆ 108, ಆರೋಗ್ಯ ಸಲಹೆಗೆ 104, ತುರ್ತಿಗೆ 112, ಮಕ್ಕಳ ರಕ್ಷಣೆಗೆ 1098, ಮಹಿಳೆಯರಿಗೆ 181. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಹೇಳಬೇಕು. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮುನ್ನ ತಡೆಹಿಡಿಯುವ ಅವಕಾಶ ಇರುವುದು ಆ ಮೊದಲ ಗಳಿಗೆಗಳಲ್ಲಿ ಮಾತ್ರ. ಇವೆಲ್ಲ ಮಾತಿನ ಕರೆಗಳು. ಗುಂಡಿ ಫೋನಿನಿಂದಲೂ ಆಗುತ್ತವೆ. ನಂಬರ್ ಗೋಡೆಯ ಮೇಲೆ ಬರೆದಿದ್ದರೂ ಜನ ಕರೆ ಮಾಡದಿರುವುದಕ್ಕೆ ಕಾರಣ ಸಂಕೋಚ: ಯಾರು ಎತ್ತುತ್ತಾರೋ, ಏನು ಕೇಳುತ್ತಾರೋ, ಬೈದರೆ? ಕೂಟದಲ್ಲೇ ಸ್ಪೀಕರ್ ಹಾಕಿ, ಒಬ್ಬ ರೈತನ ನಿಜವಾದ ಪ್ರಶ್ನೆಯನ್ನು ಕಿಸಾನ್ ಕಾಲ್ ಸೆಂಟರಿಗೆ ಕೇಳಿಸಿದರೆ ಉತ್ತರ ಬರುವುದನ್ನು ಎಪ್ಪತ್ತು ಜನ ಕಿವಿಯಾರೆ ಕೇಳುತ್ತಾರೆ. ಅಲ್ಲಿಗೆ ಸಂಕೋಚ ಕಳೆಯುತ್ತದೆ. ತುರ್ತು ನಂಬರುಗಳಿಗೆ ಮಾತ್ರ ಪ್ರಯೋಗದ ಕರೆ ಮಾಡಕೂಡದು. ನಿಜವಾದ ಆಪತ್ತಿನಲ್ಲಿರುವವರ ದಾರಿ ಮುಚ್ಚಿದಂತಾಗುತ್ತದೆ.

ಮೂರನೆಯ ರಾಶಿಯಿಂದ ಒಂದನ್ನು, ಒಂದನ್ನೇ, ಆರಿಸಿಕೊಳ್ಳಬೇಕು. ನೀರು ಬಿಡುವ ಸಮಯದ ಸುದ್ದಿ ಎಂದಿಟ್ಟುಕೊಳ್ಳಿ. ನೀರುಗಂಟಿ ವಾಲ್ವ್ ತಿರುಗಿಸುವ ಮುನ್ನ ಓಣಿಗೊಬ್ಬರಂತೆ ಗೊತ್ತುಮಾಡಿದ ಹೆಂಗಸರಿಗೆ ಮಿಸ್ಡ್ ಕಾಲ್ ಕೊಡುತ್ತಾನೆ. ಅವರು ಅಕ್ಕಪಕ್ಕದವರಿಗೆ ಕೂಗಿ ಹೇಳುತ್ತಾರೆ. ಖರ್ಚು ಹೆಚ್ಚೇನಿಲ್ಲ. ಆದರೆ ಇದು ನಡೆಯಬೇಕಾದರೆ ನೀರುಗಂಟಿ ಒಪ್ಪಬೇಕು, ಅವನ ಮೇಲೆ ಎಲ್ಲರೂ ಹರಿಹಾಯುವುದನ್ನು ನಿಲ್ಲಿಸಬೇಕು, ಅವನ ಫೋನಿಗೆ ಕರೆನ್ಸಿ ಯಾರು ಹಾಕಿಸುತ್ತಾರೆಂದು ಪಂಚಾಯಿತಿ ಹೇಳಬೇಕು, ಓಣಿಗಳಲ್ಲಿ ಎಸ್‌ಸಿ ಕಾಲೊನಿಯೂ ಸೇರಬೇಕು. ಈ ನಾಲ್ಕೂ ಮಾತು ಎದುರಾಬದುರು ಕೂತಾಗಷ್ಟೇ ಇತ್ಯರ್ಥವಾಗುವಂಥವು. ಕೊನೆಗೆ ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆದು ಯಾರು, ಏನು, ಯಾವ ದಿನದೊಳಗೆ ಎಂದು ಬರೆದು ಎಲ್ಲರೆದುರು ಓದಬೇಕು. ಒಂದು ತಿಂಗಳಿಗೆ ಸರಿಯಾಗಿ ಮತ್ತೆ ಅದೇ ಜಾಗದಲ್ಲಿ ಸೇರಿ, ಆದದ್ದೆಷ್ಟು ಉಳಿದದ್ದೆಷ್ಟು ಎಂದು ನೋಡಬೇಕು. ಈ ಎರಡನೆಯ ಸೇರುವಿಕೆ ಇಲ್ಲದಿದ್ದರೆ ಮೊದಲನೆಯದು ಬರೀ ಊಟದ ನೆನಪಾಗಿ ಉಳಿಯುತ್ತದೆ.

ಆಕ್ಷೇಪಗಳಿಗೆ ಉತ್ತರ

ವಾಟ್ಸ್ಆ್ಯಪ್ ಗುಂಪು ಮಾಡಿದರೆ ಸಾಲದೆ, ಇಷ್ಟೆಲ್ಲ ಏಕೆ ಎಂಬುದು ಮೊದಲ ಆಕ್ಷೇಪ. ಗುಂಪು ಉಪಯುಕ್ತವೇ, ಆದರೆ ಒಪ್ಪಂದವಾದ ಮೇಲೆ. ಅದರೊಳಗೆ ಸ್ಮಾರ್ಟ್‌ಫೋನ್ ಇಲ್ಲದವರಿಲ್ಲ; ಇದ್ದವರಲ್ಲೂ ನಾಲ್ಕೈದು ಮಂದಿ ಮಾತಾಡುತ್ತಾರೆ, ಉಳಿದವರು ನೋಡುತ್ತಾರೆ. ಶುಭೋದಯದ ಚಿತ್ರಗಳ ನಡುವೆ ಕೆಲಸದ ಮಾತು ಮುಳುಗುತ್ತದೆ. ಎದುರಿಗೆ ಆಡಲು ನಾಚುವ ಮಾತು ಅಲ್ಲಿ ಸಲೀಸಾಗಿ ಹೊರಬಿದ್ದು ಜಗಳವಾಗುತ್ತದೆ. ಎರಡನೆಯ ಆಕ್ಷೇಪ, ಗ್ರಾಮಸಭೆ ಇದೆಯಲ್ಲ ಎಂಬುದು. 73ನೇ ತಿದ್ದುಪಡಿಯ ಬಲದಿಂದ ಗ್ರಾಮಸಭೆಗೆ ಸಂವಿಧಾನದ ಮಾನ್ಯತೆಯಿದೆ, ಅದರ ಜಾಗಕ್ಕೆ ಬೇರೇನೂ ಬರಬಾರದು. ಆದರೆ ಅಲ್ಲಿ ಕಾಮಗಾರಿ, ಫಲಾನುಭವಿ ಪಟ್ಟಿಗಳೇ ಹೊತ್ತನ್ನು ತಿಂದುಹಾಕುತ್ತವೆ. ಈ ಕೂಟ ಗ್ರಾಮಸಭೆಗೆ ಪೂರ್ವತಯಾರಿ. ಇಲ್ಲಿ ಮಾಗಿದ ಒಂದು ಬೇಡಿಕೆ ಅಲ್ಲಿ ಠರಾವಾಗಿ, ಹಣವಾಗಿ ಬರಲಿ.

ಮೂರನೆಯ ಆಕ್ಷೇಪ ಗಂಭೀರವಾದದ್ದು: ಊರಿನ ಬಲಾಢ್ಯರೇ ಕೂಟವನ್ನೂ ಹಿಡಿದುಕೊಳ್ಳುತ್ತಾರೆ. ಹಿಡಿದುಕೊಳ್ಳುವ ಸಂಭವ ಖಂಡಿತ ಇದೆ. ವೇದಿಕೆ ತೆಗೆದದ್ದು, ಹೆಂಗಸರ ಕೂಟ ಮೊದಲೇ ನಡೆಸಿದ್ದು, ಹೆಸರಿಲ್ಲದ ಚೀಟಿಯಲ್ಲಿ ಕಷ್ಟ ಬರೆಸಿದ್ದು ಈ ಸಂಭವವನ್ನು ತಗ್ಗಿಸುವುದಕ್ಕಾಗಿಯೇ. ಪೂರ್ತಿ ನಿವಾರಣೆ ಆಗದು. ಆದರೆ ಕೂಟವಿಲ್ಲದೆ ಬರುವ ಆ್ಯಪ್‌ನಲ್ಲಿ ಬಲಾಢ್ಯರ ಹಿಡಿತ ಇದಕ್ಕಿಂತ ಹೆಚ್ಚು, ಅದೂ ಯಾರ ಕಣ್ಣಿಗೂ ಬೀಳದಂತೆ. ನಾಲ್ಕನೆಯದು ಗೋಪ್ಯತೆಯ ಮಾತು. ಹಾಜರಿ ಪುಸ್ತಕದಲ್ಲಿ ಬರೆಸಿಕೊಂಡ ನೂರು ಫೋನ್ ನಂಬರು ಸಾಲ ಕೊಡುವ ಕಂಪನಿಯ ಕೈಗೋ, ಚುನಾವಣೆಯ ಪ್ರಚಾರಕ್ಕೋ ಹೋದರೆ ಊರು ಮುಂದೆಂದೂ ನಂಬುವುದಿಲ್ಲ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ ದೇಶ 2023ರಲ್ಲಿ ಕಾನೂನು ಮಾಡಿದೆ; ಅದರ ತಿರುಳು, ಕೇಳದೆ ತೆಗೆದುಕೊಳ್ಳಬಾರದು, ಹೇಳಿದ ಕೆಲಸಕ್ಕಲ್ಲದೆ ಬಳಸಬಾರದು ಎಂಬುದು. ಕೂಟ ಕರೆಯುವವರು ಇದನ್ನು ಶುರುವಿನಲ್ಲೇ ಗಟ್ಟಿಯಾಗಿ ಹೇಳಬೇಕು: ನಂಬರು ಕೊಡುವುದು ಕಡ್ಡಾಯವಲ್ಲ, ಹೆಂಗಸರ, ಮಕ್ಕಳ ಫೋಟೊ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕುವಂತಿಲ್ಲ.

ಕೊನೆಯ ಆಕ್ಷೇಪ ದಣಿದವರದು: ಮಾತಿನಿಂದ ಏನಾಗುತ್ತದೆ? ವಾಲ್ಪಾರೈಯ ಕೆಂಪು ದೀಪದ ಹಿಂದೆ ಇದ್ದದ್ದು ಮಾತು. ಗದ್ವಾಲದಲ್ಲಿ ಜೀವ ಉಳಿಸಿದ್ದು ಮಾತು. ಮುರ್ಕಿಯಲ್ಲಿ ಇಲ್ಲದೇ ಹೋದದ್ದೂ ಅದೇ. ಮಾತನ್ನು ದೂರಕ್ಕೆ ಒಯ್ಯುವುದು ಫೋನಿನ ಕೆಲಸ. ಅದಕ್ಕೆ ನಂಬಿಕೆ ತುಂಬುವುದು ಊರಿನ ಕೆಲಸ. ಸರ್ಕಾರ ಬರಲಿ, ಕಂಪನಿ ಬರಲಿ ಎಂದು ಕಾಯಬೇಕಾದದ್ದು ಇದರಲ್ಲಿ ಏನೂ ಇಲ್ಲ. ನಿಮ್ಮ ಊರಿನ ಗ್ರಂಥಾಲಯದ ಬೀಗದ ಕೈ ಯಾರ ಬಳಿಯಿದೆ ಎಂದು ನಾಳೆ ವಿಚಾರಿಸಿ. ಸ್ತ್ರೀಶಕ್ತಿ ಸಂಘದವರೊಂದಿಗೆ, ಡೇರಿಯವರೊಂದಿಗೆ, ಮೇಷ್ಟ್ರೊಂದಿಗೆ ಮಾತಾಡಿ ಒಂದು ಭಾನುವಾರ ಗೊತ್ತುಮಾಡಿ. ಜಮಖಾನೆ ಹಾಸಿ. ಫೋನೇ ಇಲ್ಲದ ಅಜ್ಜಿಯಿಂದ ಮೊದಲ ಮಾತು ಆಡಿಸಿ.